ಸೋರಿದ ನೀರು ಯಾರದ್ದು?

ಮೊನ್ನೆ ಊರಿಗೆ ಫೋನ್ ಮಾಡಿದ್ದೆ. "ನಾಲೇಲಿ ನೀರು ನಿಲ್ಸವ್ರೆ ಕಣೋ, ಇನ್ನು ಬಾವೀದೂ ಅಷ್ಟೇಯ" ಅಂದ್ರು ಅಪ್ಪ. ನಮ್ಮೂರು ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಪಕ್ಕದಲ್ಲಿದೆ. ನಾಲೆ ಹರಿದರೆ ನಮ್ಮ ಬಾವಿಯೂ ತುಂಬುತ್ತೆ, ನಿಂತರೆ ತಳ ಕಾಣುತ್ತೆ. ನಾನೀಗ ಇರೋದು ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ. ಇಲ್ಲಿ ನಲ್ಲಿ ತಿರುಗಿಸಿದರೆ 24 ಗಂಟೆಯೂ ನೀರು. ಅದರಲ್ಲೊಂದು ಪಾಲು ಹೀಗೇ ಯಾರದೋ ಬಾವಿಗೆ ಇಳಿಯುತ್ತಿದ್ದ ನೀರು ಅಂತ ಗೊತ್ತಾದ ಮೇಲೆ ಈ ಕಥೆ ಬರೆಯಬೇಕು ಅನ್ನಿಸಿತು.

ಸ್ಯಾನ್ ಡಿಯಾಗೋದಿಂದ ಪೂರ್ವಕ್ಕೆ ಎರಡು ಗಂಟೆ ಕಾರು ಓಡಿಸಿದರೆ ಇಂಪೀರಿಯಲ್ ಕಣಿವೆ ಸಿಗುತ್ತೆ. ಅಪ್ಪಟ ಮರುಭೂಮಿ. ವರ್ಷಕ್ಕೆ ಮೂರು ಇಂಚು ಮಳೆ ಬಿದ್ದರೆ ಹೆಚ್ಚು. ಆದರೂ ಕಣ್ಣು ಹಾಯಿಸಿದಷ್ಟು ದೂರ ಹಸಿರು! 1901ರಲ್ಲಿ ಕೊಲರಾಡೊ ನದಿಯಿಂದ ಇಲ್ಲಿಗೆ ಕಾಲುವೆ ತಂದರು. 1905ರಲ್ಲಿ ನದಿ ಆ ಕಾಲುವೆ ಒಡೆದುಕೊಂಡು ತಗ್ಗಿಗೆ ನುಗ್ಗಿ, ಎರಡು ವರ್ಷ ಹರಿದು ದೊಡ್ಡ ಸರೋವರವನ್ನೇ ಮಾಡಿತು. ಅದೇ ಸಾಲ್ಟನ್ ಸೀ. 1911ರಲ್ಲಿ 'ಇಂಪೀರಿಯಲ್ ಇರಿಗೇಷನ್ ಡಿಸ್ಟ್ರಿಕ್ಟ್' ಹುಟ್ಟಿತು. ಡಿಸ್ಟ್ರಿಕ್ಟ್ ಅಂದರೆ ಇಲ್ಲಿ ನಮ್ಮ ಜಿಲ್ಲೆಯಲ್ಲ, ನೀರು ಹಂಚುವುದಕ್ಕೆಂದೇ ಇರುವ ಸ್ಥಳೀಯ ಸಂಸ್ಥೆ. ಐದು ಜನ ನಿರ್ದೇಶಕರನ್ನು ಅಲ್ಲಿನ ಮತದಾರರೇ ಆರಿಸುತ್ತಾರೆ. ರೈತ ಮುಂಚಿತವಾಗಿ ಇಷ್ಟು ನೀರು ಬೇಕು ಅಂತ ಹೇಳಬೇಕು. 'ಝಂಜೆರೊ' ಎಂಬಾತ ಬಂದು ತೂಬು ಎತ್ತುತ್ತಾನೆ. ನಮ್ಮ ನೀರುಗಂಟಿಯೇ!

ಈಗ ಲೆಕ್ಕಕ್ಕೆ ಬರೋಣ. ಇಲ್ಲಿ ನೀರನ್ನು ಅಳೆಯೋದು ಎಕರೆ-ಅಡಿಯಲ್ಲಿ. ನಮಗೆ ಅರ್ಥವಾಗುವ ಟಿಎಂಸಿಗೆ ತಿರುಗಿಸಿದ್ದೇನೆ. ಕೊಲರಾಡೊದಲ್ಲಿ ಕ್ಯಾಲಿಫೋರ್ನಿಯಾದ ಪಾಲು ವರ್ಷಕ್ಕೆ 44 ಲಕ್ಷ ಎಕರೆ-ಅಡಿ, ಅಂದರೆ ಸುಮಾರು 192 ಟಿಎಂಸಿ. 1931ರ ಏಳು ಪಕ್ಷಗಳ ಒಪ್ಪಂದದಲ್ಲಿ ಇದರ ಸರದಿ ಗೊತ್ತುಮಾಡಿದರು. ಮೊದಲ ಮೂರು ಸರದಿ ಬೇಸಾಯದ ಸಂಸ್ಥೆಗಳಿಗೆ, ಒಟ್ಟು 168 ಟಿಎಂಸಿ. ನಾಲ್ಕನೆಯದು ಲಾಸ್ ಏಂಜಲೀಸ್ ಮತ್ತು ಸುತ್ತಲಿನ ಊರುಗಳ ಮೆಟ್ರೊಪಾಲಿಟನ್ ವಾಟರ್ ಡಿಸ್ಟ್ರಿಕ್ಟಿಗೆ, ಬರೀ 24. ಮೊದಲು ಬಳಸಿದವನಿಗೆ ಮೊದಲ ಹಕ್ಕು ಅನ್ನೋದು ಇಲ್ಲಿನ ನ್ಯಾಯ. ಕುಡಿಯುವ ನೀರೇ ಮೊದಲು ಅನ್ನೋ ನಮ್ಮ ಜಲನೀತಿಗೆ ಪೂರ್ತಿ ಉಲ್ಟಾ!

ಬೇರೆ ರಾಜ್ಯಗಳು ಬಳಸದೆ ಬಿಟ್ಟ ನೀರಿನಿಂದ ನಗರಗಳು ಬಹಳ ಕಾಲ ಹೇಗೋ ನಡೆಸಿದವು. 1991ರ ಬರದಲ್ಲಿ ಮೆಟ್ರೊಪಾಲಿಟನ್ ಸಂಸ್ಥೆ ಸ್ಯಾನ್ ಡಿಯಾಗೋದ ನೀರನ್ನು 31 ಶೇಕಡ ಕಡಿತ ಮಾಡಿತು. ಒಬ್ಬರನ್ನೇ ನಂಬಿಕೊಂಡಿದ್ದ ಊರಿಗೆ ಆಗ ಬಿಸಿ ಮುಟ್ಟಿತು. ರೈತರಿಂದಲೇ ನೀರು ಕೊಳ್ಳುವ ಮಾತುಕತೆ ಶುರುವಾಗಿ, 1998ರಲ್ಲಿ ಒಪ್ಪಂದವಾಯಿತು. ಆದರೆ ಡಿಸೆಂಬರ್ 2002ರಲ್ಲಿ ಅಂತಿಮ ಕರಾರು ಇಂಪೀರಿಯಲ್ ಮಂಡಳಿಯ ಮುಂದೆ ಬಂದಾಗ 3-2 ಮತಗಳಿಂದ ಬಿದ್ದುಹೋಯಿತು. ಕೇಂದ್ರ ಸರ್ಕಾರ ಸುಮ್ಮನಿರಲಿಲ್ಲ. 'ನೀವು ನೀರು ಪೋಲು ಮಾಡ್ತಿದ್ದೀರಿ' ಅಂತ 2003ಕ್ಕೆ ಕಣಿವೆಯ ಪಾಲನ್ನೇ ಕತ್ತರಿಸಹೊರಟಿತು. ಕೊನೆಗೆ ಅಕ್ಟೋಬರ್ 2003ರಲ್ಲಿ ಸಹಿ ಬಿತ್ತು. ಇಂಪೀರಿಯಲ್ ಪಾಲಿಗೆ 31 ಲಕ್ಷ ಎಕರೆ-ಅಡಿಯ ಮಿತಿ. ಅದರೊಳಗಿಂದಲೇ ಉಳಿಸಿ ಹಂತ ಹಂತವಾಗಿ ವರ್ಷಕ್ಕೆ 2 ಲಕ್ಷ ಎಕರೆ-ಅಡಿಯವರೆಗೆ, ಅಂದರೆ ಸುಮಾರು 8.7 ಟಿಎಂಸಿ, ಸ್ಯಾನ್ ಡಿಯಾಗೋಗೆ ಮಾರಬೇಕು.

'ಉಳಿಸಿ' ಅನ್ನೋ ಮಾತಿನಲ್ಲೇ ಇದೆ ಕಥೆ.

ಕಣಿವೆಗೆ ನೀರು ತರುವ ಆಲ್-ಅಮೆರಿಕನ್ ಕಾಲುವೆ ಮೆಕ್ಸಿಕೋ ಗಡಿಯ ಪಕ್ಕದಲ್ಲೇ ಹರಿಯುತ್ತೆ. ಮಣ್ಣಿನ ಕಾಲುವೆ, ಸೋರುತ್ತಿತ್ತು. 2003ರ ಕರಾರಿನ ಭಾಗವಾಗಿಯೇ ಅದರಲ್ಲಿ 23 ಮೈಲಿಗೆ ಕಾಂಕ್ರೀಟ್ ಹಾಕಿದರು. 2007ರಲ್ಲಿ ಶುರುವಾದ ಈ ಕೆಲಸದಿಂದ ವರ್ಷಕ್ಕೆ 67,700 ಎಕರೆ-ಅಡಿ, ಸುಮಾರು 3 ಟಿಎಂಸಿ ಉಳಿಯಿತು. ಬಹುಪಾಲು ಸ್ಯಾನ್ ಡಿಯಾಗೋಗೇ. ಆದರೆ ಆ ಸೋರಿಕೆ ಗಡಿಯಾಚೆ ಮೆಕ್ಸಿಕಾಲಿ ರೈತರ ಬಾವಿಗಳಿಗೆ ಇಳಿಯುತ್ತಿತ್ತು. ಅವರ ಕಡೆಯವರು ಅಮೆರಿಕದ ಕೋರ್ಟಿಗೂ ಬಂದರು. 2006ರ ಕೊನೆಯಲ್ಲಿ ಅಮೆರಿಕದ ಸಂಸತ್ತು 'ಕೆಲಸ ಕೂಡಲೇ ಮಾಡಿ' ಅಂತ ಕಾನೂನನ್ನೇ ಮಾಡಿಬಿಟ್ಟಿತು. ಅಲ್ಲಿಗೆ ಮುಗಿಯಿತು.

ಇತ್ತ ಹೊಲಗಳಿಂದ ಬಸಿದ ನೀರೇ ಸಾಲ್ಟನ್ ಸೀಯ ಜೀವ. ಹೊಲದಲ್ಲಿ ನೀರು ಉಳಿಸಿದಷ್ಟೂ ಸರೋವರ ಕುಗ್ಗುತ್ತೆ. 2017ರ ಕೊನೆಯವರೆಗೆ ಕೆಲವು ಹೊಲಗಳನ್ನು ದುಡ್ಡು ಕೊಟ್ಟು ಬೀಳುಬಿಡಿಸಿ, ಆ ನೀರನ್ನು ಸರೋವರಕ್ಕೆ ಬಿಟ್ಟರು. ಆಮೇಲೆ ಅದೂ ನಿಂತಿತು. ಈಗ ಒಣಗಿದ ದಡದಿಂದ ಧೂಳು ಏಳುತ್ತೆ. ಅದನ್ನು ಉಸಿರಾಡುವವರು ಕಣಿವೆಯ ಕೂಲಿಗಳು, ಮಕ್ಕಳು.

ನಮ್ಮ ಕೆಲಸದಲ್ಲಿ ಮೆಮೊರಿ ಲೀಕ್ ಅಂದರೆ ಶುದ್ಧ ನಷ್ಟ, ಮುಚ್ಚಿದರೆ ಎಲ್ಲರಿಗೂ ಲಾಭ. ಕಾಲುವೆ ಸೋರಿಕೆಯನ್ನೂ ನಾನು ಹಾಗೇ ಅಂದುಕೊಂಡಿದ್ದೆ. ಆದರೆ ಎಷ್ಟೋ ಸಲ ಸೋರಿದ ನೀರಿಗೂ ಒಬ್ಬ ಒಡೆಯ ಇರುತ್ತಾನೆ. ಅವನ ಹೆಸರು ಯಾವ ಒಪ್ಪಂದದಲ್ಲೂ ಇರಲ್ಲ, ಅಷ್ಟೇ. ನಗರಕ್ಕೆ ನೀರು ಕೊಡಬಾರದು ಅಂತ ನಾನು ಹೇಳುತ್ತಿಲ್ಲ. ನಾನೇ ಅದನ್ನು ಕುಡಿಯುತ್ತಿದ್ದೇನಲ್ಲ. ಕೊಡುವವರು, ಕೊಳ್ಳುವವರು ಇಬ್ಬರೇ ಕೂತು ಲೆಕ್ಕ ಮುಗಿಸಬಾರದು, ಅಷ್ಟೇ ನನ್ನ ಮಾತು.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರ ಬಾವಿ ಎಷ್ಟು ಮಟ್ಟ ಇತ್ತಂತೆ?" ಅಂತ ಕೇಳಿದರು.