ಅಸಮರ ಸಮತೋಲ: ಆಟದ ಕುಲಗಳು ಮತ್ತು ಕೊಡಗಿನ ಒಂದು ನಿದರ್ಶನ

ಆಟಗಳು ಇತಿಹಾಸಕಾರನ ಗಮನಕ್ಕೆ ಬೀಳುವುದು ವಿರಳ. ಹಂಪೆಯ ದೇವಾಲಯಗಳ ಹಾಸುಗಲ್ಲುಗಳ ಮೇಲೆ ಕೊರೆದಿರುವ ಆಟದ ಮನೆಗಳನ್ನು ದಾಟಿಕೊಂಡೇ ನಾವು ಶಾಸನವನ್ನು ಓದಲು ಹೋಗುತ್ತೇವೆ. ಆದರೆ ಸ್ವಭಾವದಲ್ಲಿಯೂ ಬಲದಲ್ಲಿಯೂ ಸಮರಲ್ಲದವರನ್ನು ಒಂದೇ ಕಟ್ಟಳೆಯ ಕೆಳಗೆ ಹೇಗೆ ಕೂರಿಸಬಹುದೆಂಬ ಪ್ರಶ್ನೆಯನ್ನು ಎತ್ತಿಕೊಂಡವನಿಗೆ ಆಟದ ನಿಯಮವು ಕಡೆಗಣಿಸತಕ್ಕ ಆಕರವಲ್ಲ. ಈ ಪ್ರಶ್ನೆಯು ಕಳೆದ ಐವತ್ತು ವರ್ಷಗಳಿಂದ ಮೇಜಿನ ಸುತ್ತ ಕುಳಿತು ಆಡುವ ಒಂದು ಹೊಸ ಬಗೆಯ ಆಟವನ್ನು ಕಾಡುತ್ತ ಬಂದಿದೆ. ಅದೇ ಪ್ರಶ್ನೆಗೆ ಕೊಡಗಿನ ಚರಿತ್ರೆಯಲ್ಲಿಯೂ ಒಂದು ಉತ್ತರವುಂಟು. ಇವೆರಡನ್ನು ಒಟ್ಟಿಗಿಟ್ಟು ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಆಟದ ವಿಚಾರ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ಮೂರು ಕಿರುಪುಸ್ತಕಗಳನ್ನು ಹೊರತಂದರು. ಇದರಲ್ಲಿ ಒಬ್ಬನು ಸೂತ್ರಧಾರ; ಯಕ್ಷಗಾನದ ಭಾಗವತರಂತೆ ಕಥೆಯನ್ನು ನಡೆಸುವವನು. ಉಳಿದವರು ಒಂದೊಂದು ಪಾತ್ರವನ್ನು ವಹಿಸಿ, ಮಾತಿನಿಂದಲೂ ದಾಳದಿಂದಲೂ ಆ ಪಾತ್ರದ ಸಾಹಸವನ್ನು ಮುಂದುವರಿಸುವರು. ಪಾತ್ರವು ಮನುಷ್ಯನೇ ಆಗಿರಬೇಕೆಂದಿಲ್ಲ. ಕಾಡಿನಲ್ಲಿ ವಾಸಿಸುವ ದೀರ್ಘಾಯುಷಿಯಾದ ಎಲ್ಫ್ ಆಗಬಹುದು, ಗಣಿ ತೋಡುವ ಗಿಡ್ಡ ಡ್ವಾರ್ಫ್ ಆಗಬಹುದು, ಹಾಬಿಟ್ ಆಗಬಹುದು. ಇಂಗ್ಲಿಷಿನಲ್ಲಿ ಇವುಗಳಿಗೆ ‘ರೇಸ್’ ಎಂಬ ಹೆಸರಾಯಿತು. ಎಲ್ಫನು ಕತ್ತಿಯನ್ನೂ ಹಿಡಿಯಬಲ್ಲ, ಮಂತ್ರವನ್ನೂ ಬಲ್ಲ. ಡ್ವಾರ್ಫನನ್ನು ಮಾಟ ಸುಲಭವಾಗಿ ತಾಗದು. ಹೀಗಿರುವಾಗ ಬರಿಯ ಮನುಷ್ಯನಾಗಲು ಯಾರು ಒಪ್ಪಿಯಾರು?

ಗೈಗ್ಯಾಕ್ಸ್ ಕಂಡುಕೊಂಡ ಪರಿಹಾರ ಬೆಳವಣಿಗೆಗೆ ಮಿತಿಯನ್ನು ಹಾಕುವುದು. ಪಾತ್ರವು ಅನುಭವ ಗಳಿಸಿದಂತೆ ಮಟ್ಟದಿಂದ ಮಟ್ಟಕ್ಕೆ ಏರುತ್ತದೆ. ಡ್ವಾರ್ಫ್ ಯೋಧನು 6ನೆಯ ಮಟ್ಟದಲ್ಲಿ ನಿಲ್ಲಬೇಕು; ಎಲ್ಫನು ಯೋಧನಾಗಿ 4ನೆಯದರಲ್ಲಿ, ಮಾಂತ್ರಿಕನಾಗಿ 8ನೆಯದರಲ್ಲಿ; ಹಾಬಿಟ್ ಯೋಧನು 4ನೆಯದರಲ್ಲಿ. ಮನುಷ್ಯನಿಗೆ ಮಾತ್ರ ಮೇರೆಯಿಲ್ಲ. ಕಾಗದದ ಮೇಲೆ ಲೆಕ್ಕ ಸರಿಹೋಯಿತು. ಆಟದಲ್ಲಿ ಸರಿಹೋಗುವಂಥದಲ್ಲ. ಲಾಭವು ಮೊದಲ ದಿನದಿಂದಲೇ ಕೈಗೆ ಬರುತ್ತದೆ, ದಂಡವನ್ನು ಬಹುಕಾಲದ ಮೇಲೆ ತೆರಬೇಕಾಗುತ್ತದೆ. ಅಷ್ಟರೊಳಗೆ ಆಟವೇ ಮುಗಿದುಹೋದರೆ ತೆರುವ ಪ್ರಶ್ನೆಯೇ ಇಲ್ಲ. ಆಟ ದೀರ್ಘವಾದಲ್ಲಿಯಾದರೋ, ಗೆಳೆಯರು ಮೇಲೇರುತ್ತಿರುವಾಗ ಒಬ್ಬನು ಹುಟ್ಟಿನ ಕಾರಣದಿಂದಲೇ ಕೆಳಗೆ ನಿಲ್ಲಬೇಕು. ಮೊದಲಲ್ಲಿ ಹೆಚ್ಚು, ಕೊನೆಯಲ್ಲಿ ಕಡಿಮೆ. ಈ ಎರಡು ಅನ್ಯಾಯಗಳನ್ನು ಕೂಡಿಸಿ ನ್ಯಾಯವೆನ್ನುವುದು ಕಷ್ಟ.

ನಮ್ಮ ನಾಡಿನ ಹುಲಿ-ಕುರಿ ಆಟವು ಇದೇ ತೊಡಕನ್ನು ಬೇರೊಂದು ಬಗೆಯಲ್ಲಿ ಬಿಡಿಸಿದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ರೂಪದಲ್ಲಿ ತ್ರಿಕೋನಾಕಾರದ ಮನೆಯಲ್ಲಿ 23 ಸಂಧಿಗಳು, 3 ಹುಲಿಗಳು, 15 ಕುರಿಗಳು. ಹುಲಿಯು ಕುರಿಯನ್ನು ಹಾರಿ ಆಚೆಯ ತೆರವಾದ ಸಂಧಿಯಲ್ಲಿ ಇಳಿದರೆ ಕುರಿ ಸತ್ತಂತೆ. ಕುರಿಗೆ ಕೊಲ್ಲುವ ಶಕ್ತಿಯಿಲ್ಲ. ಅಷ್ಟೇ ಅಲ್ಲ, ಹದಿನೈದೂ ಕುರಿಗಳನ್ನು ಒಂದೊಂದಾಗಿ ಇಟ್ಟು ಮುಗಿಸುವವರೆಗೆ ಅವು ಕದಲುವಂತೆಯೂ ಇಲ್ಲ. ಆದರೂ ಕುರಿಯ ಪಕ್ಷ ಗೆಲ್ಲಬಲ್ಲದು. ಹೇಗೆಂದರೆ ಅದರ ಗುರಿಯೇ ಬೇರೆ: ಹುಲಿ ಕೊಲ್ಲಬೇಕು, ಕುರಿ ಹುಲಿಯನ್ನು ಅಲ್ಲಾಡದಂತೆ ಕಟ್ಟಬೇಕು. ಒಂದೊಂದು ಕಾಯಿಯ ಬಲವನ್ನು ತೂಗಿ ಸರಿಗಟ್ಟುವ ಯತ್ನವನ್ನು ಈ ಆಟ ಮಾಡುವುದೇ ಇಲ್ಲ. ಸಂಖ್ಯೆ, ಗುರಿ, ಸರದಿ ಇವುಗಳಲ್ಲಿ ಸಮತೋಲವನ್ನು ಹುಡುಕುತ್ತದೆ. ನೇಪಾಳದ ಇದರ ಬಂಧುವಾದ ಬಾಘ್‌ಚಾಲ್ ಆಟದಲ್ಲಿ 25 ಸಂಧಿಗಳು, 4 ಹುಲಿಗಳು, 20 ಆಡುಗಳು. ಎರಡೂ ಪಕ್ಷದವರು ತಪ್ಪಿಲ್ಲದೆ ಆಡಿದರೆ ಅದು ಸಮವಾಗಿಯೇ ಮುಗಿಯುವುದೆಂದು ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಎಂಬ ವಿದ್ವಾಂಸರು 2009ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಗಣಕಯಂತ್ರದ ನೆರವಿನಿಂದ ಸಿದ್ಧಪಡಿಸಿದ್ದಾರೆ. ಗಣಕಯಂತ್ರವನ್ನು ಕಾಣದ ಆಟಗಾರರು ಜಗಲಿಯ ಮೇಲೆ ಕುಳಿತು ಇಷ್ಟು ಹದವಾದ ತೂಕವನ್ನು ಉಳಿಸಿಕೊಂಡು ಬಂದದ್ದು ಸಣ್ಣ ಸಂಗತಿಯಲ್ಲ.

(ಕೊಡವ ಭಾಷೆಯಲ್ಲಿ ‘ನರಿ’ ಎಂದರೆ ಹುಲಿ. ಹುಲಿಯನ್ನು ಕೊಂದವನನ್ನು ಮದುಮಗನಂತೆ ಅಲಂಕರಿಸಿ, ಸತ್ತ ಹುಲಿಯ ಬಳಿ ಕೂರಿಸಿ ಗೌರವಿಸುತ್ತಿದ್ದ ‘ನರಿ ಮಂಗಲ’ವನ್ನು ಕೇಳಿದ ಬಯಲುಸೀಮೆಯ ವಿದ್ಯಾರ್ಥಿಗಳು ಮೊದಲು ನಗುವುದುಂಟು.)

ಹುಲಿ-ಕುರಿ ಆಟದಲ್ಲಿ ಇನ್ನೊಂದು ಅಂಶವುಂಟು. ಒಂದು ಆಟ ಮುಗಿದ ಮೇಲೆ ಆಟಗಾರರು ಪಕ್ಷ ಬದಲಿಸಬಹುದು. ಈಗ ಹುಲಿಯಾದವನು ಮುಂದಿನ ಆಟದಲ್ಲಿ ಕುರಿ. ಅಸಮತೆಯು ಪಾತ್ರಕ್ಕೆ ಸೇರಿದ್ದು, ಆಡುವವನಿಗೆ ಅಂಟಿದ್ದಲ್ಲ. ಅಮೆರಿಕದ ಆಟದಲ್ಲಿ ಪಾತ್ರವನ್ನು ತಿಂಗಳುಗಟ್ಟಲೆ ಹೊತ್ತು ನಡೆಯಬೇಕಾದ್ದರಿಂದ ಈ ಬದಲಾವಣೆಗೆ ಎಡೆಯಿಲ್ಲ. ಮೇಲಾಗಿ ಅಲ್ಲಿ ಆಟಗಾರರು ಪರಸ್ಪರ ಎದುರಾಳಿಗಳಲ್ಲ, ಜೊತೆಗಾರರು. ಆದ್ದರಿಂದ ಸಮತೋಲವೆಂದರೆ ಗೆಲುವಿನ ಸಮಾನ ಅವಕಾಶವಲ್ಲ, ಪ್ರತಿಯೊಬ್ಬನಿಗೂ ಮಾಡಲು ತಕ್ಕಷ್ಟು ಕೆಲಸವಿರುವುದು. ಆದರೂ 1978ರ ಆಟಗಾರರ ಕೈಪಿಡಿಯು ಅಂಕಗಣಿತವನ್ನೇ ಮತ್ತಷ್ಟು ಬಿಗಿಗೊಳಿಸಿತು. ಎಲ್ಫನಿಗೆ ಚುರುಕಿನಲ್ಲಿ ಒಂದಂಕ ಹೆಚ್ಚು, ದೇಹದಾರ್ಢ್ಯದಲ್ಲಿ ಒಂದಂಕ ಕಡಿಮೆ. ಡ್ವಾರ್ಫನಿಗೆ ದಾರ್ಢ್ಯದಲ್ಲಿ ಹೆಚ್ಚು, ಜನಾಕರ್ಷಣೆಯಲ್ಲಿ ಕಡಿಮೆ. ಕುಲವನ್ನು ಹೇಳಿದೊಡನೆ ಗುಣ ನಿಶ್ಚಯವಾಯಿತು.

ಇಂಥ ಪಟ್ಟಿಯನ್ನು ಭಾರತದ ಇತಿಹಾಸವನ್ನು ಓದಿದವನು ಬೇರೆಡೆಯಲ್ಲಿ ಕಂಡಿರುತ್ತಾನೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ಸೈನ್ಯಕ್ಕೆ ಜನರನ್ನು ಸೇರಿಸಿಕೊಳ್ಳಲು ಬರೆಸಿದ ಕೈಪಿಡಿಗಳಲ್ಲಿ ಒಂದೊಂದು ಜನಾಂಗಕ್ಕೂ ಮೈಕಟ್ಟು, ಧೈರ್ಯ, ವಿಧೇಯತೆಗಳನ್ನು ಹೀಗೆಯೇ ಹಂಚಲಾಗಿತ್ತು. 1885ರಿಂದ 1893ರವರೆಗೆ ದಂಡನಾಯಕನಾಗಿದ್ದ ಲಾರ್ಡ್ ರಾಬರ್ಟ್ಸ್ ‘ಯೋಧ ಜನಾಂಗ’ಗಳೆಂಬ ಭಾವನೆಗೆ ಬಲ ಕೊಟ್ಟನು, ಮದ್ರಾಸಿನ ಸಿಪಾಯಿಗಳು ಹಿಂದೆ ಸರಿಯಬೇಕಾಯಿತು. ಕೊಡವರಾದರೋ ಶೂರರೆಂದು ಗಣ್ಯರಾದರು. 1902-03ರ ಹೊತ್ತಿಗೆ ಮದ್ರಾಸ್ ಸೈನ್ಯದ 11ನೆಯ ಪದಾತಿದಳವನ್ನು ಅವರ ದಳವಾಗಿ ಮಾರ್ಪಡಿಸಿ 71ನೆಯ ಕೂರ್ಗ್ ರೈಫಲ್ಸ್ ಎಂದು ಹೆಸರಿಟ್ಟರು. ಬೇಕಾದಷ್ಟು ಮಂದಿ ಸೇರದೆ 1904ರಲ್ಲಿ ಅದನ್ನು ವಿಸರ್ಜಿಸಿದರು. 1901ರ ಜನಗಣತಿಯಂತೆ ಕೊಡಗಿನ ಒಟ್ಟು ಜನಸಂಖ್ಯೆ 1,80,607. ಅದರಲ್ಲಿ ಕೊಡವರು ಸುಮಾರು 36 ಸಾವಿರ. ಗುಣದ ಕಲಮನ್ನು ತುಂಬಿದವರು ಸಂಖ್ಯೆಯ ಕಲಮನ್ನು ನೋಡಿರಲಿಲ್ಲ. ಹುಲಿ-ಕುರಿ ಬಲ್ಲ ಹುಡುಗನು ಈ ತಪ್ಪನ್ನು ಮಾಡುತ್ತಿರಲಿಲ್ಲ.

ಕೊಡಗಿನ ಕೋವಿಯ ವಿನಾಯಿತಿಯು ಇದಕ್ಕಿಂತ ಹೆಚ್ಚು ವಿಚಾರಕ್ಕೆ ಅರ್ಹವಾದುದು. 1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1857ರ ದಂಗೆಯ ತರುವಾಯ ಜನರಿಂದ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನು ಬಂದಾಗ, 1861ರಲ್ಲಿ ಮಾರ್ಕ್ ಕಬ್ಬನ್ ಹೊರಡಿಸಿದ ಘೋಷಣೆಯು ಕೊಡವರನ್ನು ಅದರಿಂದ ಹೊರಗಿಟ್ಟಿತು. ಸ್ವಾತಂತ್ರ್ಯಾನಂತರದ ಕಾನೂನಿನಲ್ಲಿಯೂ ಈ ವಿನಾಯಿತಿ ಮುಂದುವರಿಯಿತು. ಅದಕ್ಕೆ ಅರ್ಹರು ಎರಡು ಬಗೆಯವರು: ಕೊಡವ ಜನಾಂಗದವರು ಮತ್ತು ಜಮ್ಮಾ ಹಿಡುವಳಿದಾರರು. ಮೊದಲನೆಯದು ಹುಟ್ಟು, ಎರಡನೆಯದು ಹೊಣೆ. ಹಿಂದೆ ಜಮ್ಮಾ ಭೂಮಿಗೆ ಸಾಗು ಭೂಮಿಯ ಕಂದಾಯದ ಅರ್ಧದಷ್ಟೇ ಕಂದಾಯ. ಪ್ರತಿಯಾಗಿ ಹಿಡುವಳಿದಾರರು ಕರೆ ಬಂದಾಗ ಆಯುಧ ಹಿಡಿದು ಸೇವೆ ಸಲ್ಲಿಸಬೇಕು, ಭೂಮಿಯನ್ನು ಪರಭಾರೆ ಮಾಡುವಂತಿಲ್ಲ. ಕೊಡವರಲ್ಲದ ಇತರ ಸಮುದಾಯಗಳಲ್ಲಿಯೂ ಜಮ್ಮಾ ಕುಟುಂಬಗಳಿದ್ದವು. ಇಲ್ಲಿ ಸವಲತ್ತಿಗೆ ಎದುರಾಗಿ ತಕ್ಕಡಿಯ ಮತ್ತೊಂದು ತಟ್ಟೆಯಲ್ಲಿ ಭಾರವಿದೆ, ಆ ಭಾರವೂ ಗೈಗ್ಯಾಕ್ಸನ ಮಿತಿಯಂತೆ ಕೊನೆಗೆ ಬರುವುದಲ್ಲ, ಸವಲತ್ತಿನ ಜೊತೆಯಲ್ಲಿಯೇ ಬರುತ್ತದೆ. ಅರಸರ ಕಾಲದ ಈ ಏರ್ಪಾಟು ನಿರ್ದೋಷವೆಂದು ನಾನು ಹೇಳುವುದಿಲ್ಲ; ಜಮ್ಮಾ ಹೊಂದಿದ ಕುಟುಂಬಗಳ ಗದ್ದೆಗಳಲ್ಲಿ ದುಡಿದವರು ಈ ತಕ್ಕಡಿಯ ಯಾವ ತಟ್ಟೆಯಲ್ಲಿಯೂ ಇರಲಿಲ್ಲ. ಆದರೆ ನಿಯಮರಚನೆಯ ದೃಷ್ಟಿಯಿಂದ ಎರಡನೆಯ ಮಾರ್ಗವು ಮೊದಲನೆಯದಕ್ಕಿಂತ ಹೆಚ್ಚು ವಿವೇಕವುಳ್ಳದ್ದೆಂಬುದರಲ್ಲಿ ಸಂದೇಹವಿಲ್ಲ. 2019ರಲ್ಲಿ ಕೇಂದ್ರ ಸರಕಾರವು ಈ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಸಮಾನತೆಯ ತತ್ತ್ವಕ್ಕೆ ಇದು ವಿರೋಧವೆಂಬ ವಾದವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರಲ್ಲಿ ಒಪ್ಪಲಿಲ್ಲ.

ಸೈನ್ಯದಲ್ಲಿ ಜನಾಂಗದ ಪಟ್ಟಿಯನ್ನು ಬದಿಗಿಟ್ಟವರಲ್ಲಿ ಮುಖ್ಯರಾದವರು ಕೊಡಗಿನವರೇ ಎಂಬುದು ಗಮನಾರ್ಹ. 1949ರ ಜನವರಿ 15ರಂದು ಭಾರತದ ಮಹಾದಂಡನಾಯಕರಾದ ಕೆ. ಎಂ. ಕಾರ್ಯಪ್ಪನವರು ಅದೇ ವರ್ಷ ಬ್ರಿಗೇಡ್ ಆಫ್ ದಿ ಗಾರ್ಡ್ಸ್ ದಳವನ್ನು ಸ್ಥಾಪಿಸಿದರು. ಯಾವುದೇ ಪ್ರಾಂತ, ಯಾವುದೇ ಜಾತಿಯವರು ಅದನ್ನು ಸೇರಬಹುದಾಗಿತ್ತು. ಯೋಧ ಜನಾಂಗವೆಂಬ ಹೊಗಳಿಕೆಯಿಂದ ಲಾಭ ಪಡೆಯಬಹುದಾಗಿದ್ದವರೇ ಅದರ ಆಧಾರವನ್ನು ಸಡಿಲಿಸಿದರು.

ಆಟದವರು ಅದೇ ದಾರಿಗೆ ಬರಲು ಇನ್ನೂ ಅನೇಕ ವರ್ಷಗಳು ಹಿಡಿದವು. 2000ದ ಆವೃತ್ತಿಯಲ್ಲಿ ಮಟ್ಟದ ಮಿತಿ ಹೋಯಿತು. ಮನುಷ್ಯನನ್ನು ಇತರರ ಸಮಕ್ಕೆ ತರಲು ಅವನಿಗೇ ಒಂದು ಹೆಚ್ಚಿನ ಕೌಶಲವನ್ನು ಕೊಟ್ಟರು. ಕುಲದಿಂದ ಬರುವ ಅಂಕಗಳನ್ನು ತನಗೆ ಬೇಕಾದ ಗುಣಕ್ಕೆ ವರ್ಗಾಯಿಸಿಕೊಳ್ಳುವ ಅವಕಾಶವು ಆಟಗಾರನಿಗೆ 2020ರಲ್ಲಿ ದೊರೆಯಿತು. 2024ರ ಕೈಪಿಡಿಯಲ್ಲಿ ಆ ಅಂಕಗಳು ಕುಲವನ್ನು ಬಿಟ್ಟು ಪಾತ್ರದ ಪೂರ್ವಜೀವನಕ್ಕೆ ಸೇರಿದವು: ಅವನು ಬೇಸಾಯಗಾರನಾಗಿದ್ದನೇ, ಸಿಪಾಯಿಯಾಗಿದ್ದನೇ ಎಂಬುದು ಈಗ ಅಂಕವನ್ನು ನಿರ್ಧರಿಸುತ್ತದೆ. ಹುಟ್ಟಿನ ಕಲಮಿನಿಂದ ಕೆಲಸದ ಕಲಮಿಗೆ ಆದ ಈ ವರ್ಗಾವಣೆಯನ್ನು ಜಮ್ಮಾವನ್ನು ಬಲ್ಲವರು ಸುಲಭವಾಗಿ ಗುರುತಿಸಬಲ್ಲರು.

ಅದೇ ಕೈಪಿಡಿಯಲ್ಲಿ ‘ರೇಸ್’ ಎಂಬ ಮಾತನ್ನು ಕೈಬಿಟ್ಟು ‘ಸ್ಪೀಷೀಸ್’ ಎಂದು ಮಾಡಿದ್ದಾರೆ. ಇದನ್ನು ಕನ್ನಡಕ್ಕೆ ತರಹೊರಡುವವನ ಪಾಡು ಸುಲಭದ್ದಲ್ಲ. ‘ಜನಾಂಗ’ವೆಂದರೆ ಬಿಟ್ಟದ್ದೇ ಮರಳಿ ಬಂದಂತಾಯಿತು, ‘ಪ್ರಭೇದ’ವು ಪ್ರಾಣಿಶಾಸ್ತ್ರದ ಪಾಠದಂತೆ ಕೇಳುತ್ತದೆ, ‘ಜಾತಿ’ಯು ಪ್ರಾಣಿಗೂ ಸಲ್ಲುತ್ತದೆ, ಮನುಷ್ಯನಿಗೂ ಸಲ್ಲುತ್ತದೆ. ಈ ಲೇಖನದ ಶೀರ್ಷಿಕೆಗೆ ನಾನು ‘ಕುಲ’ವನ್ನು ಆರಿಸಿಕೊಂಡದ್ದೂ ಅರೆಮನಸ್ಸಿನಿಂದಲೇ.