ಗಿಟಾರ್ ಅಣ್ಣನ ಡಬ್ಬಿ, ರೇಡಿಯೋ ಕಾಕಾನ ವಾಲ್ವು

ಹೋದ ವರ್ಷದ ಜಾತ್ರೆಯ ರಾತ್ರಿ. ರಸಮಂಜರಿ ಶುರುವಾಗಲು ಹತ್ತು ನಿಮಿಷ ಇತ್ತು. ಸುದ್ದಿ ಬರೆದು ಎರಡು ಫೋಟೊ ಕಳಿಸಬೇಕೆಂದು ಹೋಗಿದ್ದ ನಾವು ವೇದಿಕೆ ಪಕ್ಕ ನಿಂತಿದ್ದೆವು. ಕೀಬೋರ್ಡ್, ಪ್ಯಾಡ್, ತಬಲಾ ಎಲ್ಲ ಸಜ್ಜಾಗಿತ್ತು. ಗಿಟಾರ್ ಅಣ್ಣ ಮಾತ್ರ ನೆಲದ ಮೇಲೆ ಕೂತು ತಮ್ಮ ಡಬ್ಬಿಯ ಗುಂಡಿಗಳನ್ನು ಒತ್ತುತ್ತಲೇ ಇದ್ದರು.

‘ಏನಾತ್ರಿ ಅಣ್ಣಾ?’ ಎಂದು ಕೇಳಿದೆವು.

‘ಎಲ್ಲಾ ಅಳಿಸಿ ಹೋಗೇತ್ರಿ. ಹದಿನೈದು ವರ್ಷ ಕೂಡಿಸಿಟ್ಟಿದ್ದು.’

ಅವತ್ತು ಅವರು ಇಡೀ ರಾತ್ರಿ ಸಪ್ಪೆ ಸದ್ದಿನಲ್ಲೇ ನುಡಿಸಿದರು. ‘ಪ್ರೇಮಲೋಕ’ದ ಹಾಡು ಬಂದಾಗ ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆದರು, ಆದರೆ ಅದು ಹಾಡುಗಾರನಿಗೆ. ಕಾರ್ಯಕ್ರಮ ಮುಗಿದ ಮೇಲೆ ಜಾತ್ರಾ ಕಮಿಟಿಯ ಹಿರಿಯರೊಬ್ಬರು ತಂಡದ ಮಾಲೀಕರಿಗೆ ಹೇಳಿದ್ದು ನಮ್ಮ ಕಿವಿಗೂ ಬಿತ್ತು: ‘ಗಿಟಾರ್ ಸದ್ದು ಕೀಬೋರ್ಡ್‌ನಾಗೂ ಬರ್ತೈತಲ್ರಿ. ಮುಂದಿನ ವರ್ಷ ಒಬ್ಬರನ್ನ ಕಡಿಮಿ ಮಾಡಿದ್ರ ಆತು.’

ಒಂದು ಡಬ್ಬಿ ಕೈಕೊಟ್ಟದ್ದಕ್ಕೆ ಒಬ್ಬರ ಸಂಪಾದನೆ ಅಲುಗಾಡಿತು. ಅವತ್ತಿನಿಂದ ನಮಗೆ ಆ ಡಬ್ಬಿಯ ಹಿಂದೆ ಬೀಳುವ ಚಟ ಹತ್ತಿತು. ಅದೇನು, ಎಲ್ಲಿಂದ ಬಂತು, ಎಷ್ಟು ದಿನ ಬಾಳುತ್ತದೆ ಎಂದು ಕೆದಕುತ್ತಾ ಹೋದರೆ ದಾರಿ ಕ್ಯಾಲಿಫೋರ್ನಿಯಾದ ರೇಡಿಯೋ ರಿಪೇರಿ ಅಂಗಡಿಗೂ ಹೋಯಿತು, ಬೆಂಗಳೂರಿನ ಜಾಲಹಳ್ಳಿಗೂ ಬಂತು.

ಮೊದಲು ಗಿಟಾರಿನ ಕಷ್ಟ ತಿಳಿಯಬೇಕು. ಮರದ ಗಿಟಾರಿನ ಸದ್ದು ಸಣ್ಣದು. ಅಮೆರಿಕದ ನೃತ್ಯಶಾಲೆಗಳಲ್ಲಿ ಹಿತ್ತಾಳೆ ತುತ್ತೂರಿಗಳ ನಡುವೆ ಅದು ಕೇಳಿಸುತ್ತಲೇ ಇರಲಿಲ್ಲ. 1930ರ ದಶಕದಲ್ಲಿ ತಂತಿಗಳ ಕೆಳಗೆ ಅಯಸ್ಕಾಂತ ಇಟ್ಟು, ತಂತಿಯ ಕಂಪನವನ್ನು ಕರೆಂಟಾಗಿ ಬದಲಿಸಿ ಆಂಪ್ಲಿಫೈಯರಿಗೆ ಕೊಡುವ ಎಲೆಕ್ಟ್ರಿಕ್ ಗಿಟಾರ್ ಬಂತು. ನಮ್ಮ ಕಡೆ ಅದನ್ನು ಆಂಪ್ ಅಂತಲೇ ಕರೆಯುತ್ತೇವೆ.

ಆ ಆಂಪ್ ಮಾಡಿದವರು ಯಾರು? ಲಿಯೋ ಫೆಂಡರ್ 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದವರು. ರೇಡಿಯೋ ಬಿಚ್ಚಿ ಜೋಡಿಸಿದ ಕೈಯೇ ಮುಂದೆ ಜಗತ್ಪ್ರಸಿದ್ಧ ಗಿಟಾರ್ ಮತ್ತು ಆಂಪ್‌ಗಳನ್ನು ಕಟ್ಟಿತು. ಲಂಡನ್ನಿನ ಜಿಮ್ ಮಾರ್ಷಲ್ ಡ್ರಮ್ ಕಲಿಸುತ್ತಿದ್ದವರು, ಸಂಗೀತ ಸಾಮಾನಿನ ಅಂಗಡಿ ಇಟ್ಟಿದ್ದರು. ಅಮೆರಿಕದಿಂದ ಬರುವ ಫೆಂಡರ್ ಆಂಪ್ ದುಬಾರಿ ಎಂದು, ಅದರದೇ ‘ಬಾಸ್‌ಮನ್’ ಮಾದರಿಯನ್ನು ನೋಡಿಕೊಂಡು 1962ರಲ್ಲಿ ಅವರ ಅಂಗಡಿಯವರೇ ಒಂದು ಆಂಪ್ ಮಾಡಿದರು. ಅಂದರೆ ನಕಲು ಹೊಸದೇನಲ್ಲ. ಇವತ್ತು ಡಬ್ಬಿಗಳು ನಕಲು ಮಾಡುವ ಮಾರ್ಷಲ್ಲೇ ಶುರುವಿನಲ್ಲಿ ಒಂದು ನಕಲು.

ಈ ಆಂಪ್‌ಗಳೆಲ್ಲ ವಾಲ್ವಿನವು. ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ರೇಡಿಯೋ ಇದ್ದಿದ್ದರೆ ಗೊತ್ತಿರುತ್ತದೆ. ಸ್ವಿಚ್ ಹಾಕಿದ ಮೇಲೆ ಒಂದಿಷ್ಟು ಕಾಯಬೇಕು. ಒಳಗಿನ ಗಾಜಿನ ಬುರುಡೆಗಳು ಕೆಂಪಗೆ ಕಾದ ಮೇಲೇ ಧಾರವಾಡ ಆಕಾಶವಾಣಿ ಮಾತಾಡುತ್ತಿತ್ತು. ಆ ಗಾಜಿನ ಬುರುಡೆಯೇ ವಾಲ್ವ್.

ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1961ರಲ್ಲಿ ರೇಡಿಯೋ ವಾಲ್ವ್ ತಯಾರಿಕೆ ಶುರು ಮಾಡಿತು. ಅಲ್ಲಿ ಮಾಡಿದ ವಾಲ್ವ್‌ಗಳಲ್ಲಿ ಇಎಲ್84 ಎಂಬುದೂ ಒಂದು. ಸ್ಪೀಕರಿಗೆ ಶಕ್ತಿ ಕೊಡುವ ಕೊನೆಯ ವಾಲ್ವ್ ಅದು. ಬೀಟಲ್ಸ್ ತಂಡದವರು ಬಳಸಿ ಹೆಸರಾದ ಇಂಗ್ಲೆಂಡಿನ ‘ವಾಕ್ಸ್ ಎಸಿ30’ ಆಂಪ್ ಒಳಗೆ ಇರುವುದೂ ಇದೇ ಜಾತಿಯ ನಾಲ್ಕು ಇಎಲ್84. ಊರ ಚಾವಡಿಯ ರೇಡಿಯೋ ಮತ್ತು ಬೀಟಲ್ಸ್ ಆಂಪ್ ಒಂದೇ ಗಾಜಿನ ಬಳಗದವು ಎಂದು ತಿಳಿದಾಗ ನಮಗಂತೂ ಖುಷಿಯಾಯಿತು.

ವಾಲ್ವಿಗೆ ಅದರ ಶಕ್ತಿ ಮೀರಿ ಸದ್ದು ಕೊಟ್ಟರೆ ಅದು ಅಲೆಯ ತುದಿಯನ್ನು ಕತ್ತರಿಸುತ್ತದೆ. ಆದರೆ ಕತ್ತಿಯಲ್ಲಿ ಕಡಿದಂತೆ ಅಲ್ಲ, ಮೆಲ್ಲಗೆ ಒತ್ತಿ ದುಂಡಗೆ ಮಾಡಿದಂತೆ. ಆಗ ಸದ್ದು ಒಡೆಯುತ್ತದೆ, ಗೊರಗೊರ ಎನ್ನುತ್ತದೆ, ಸ್ವರ ತುಂಬಾ ಹೊತ್ತು ನಿಲ್ಲುತ್ತದೆ. ಎಂಜಿನಿಯರುಗಳ ಲೆಕ್ಕದಲ್ಲಿ ಅದು ದೋಷ. ರಾಕ್ ಸಂಗೀತದವರಿಗೆ ಅದೇ ಬೇಕಾಗಿತ್ತು. ಸಿನಿಮಾ ಹಾಡಿನ ನಡುವೆ ಗಿಟಾರ್ ಕೂಗಿದಾಗ ಮೈ ಜುಮ್ಮೆನ್ನುವುದು ಆ ದೋಷಕ್ಕೇ.

ತೊಂದರೆ ಏನೆಂದರೆ, ಆ ಸದ್ದು ಬರಲು ಆಂಪ್ ಜೋರಾಗಿ ಕೂಗಬೇಕು. ಮೂವತ್ತು ಕೆ.ಜಿ. ದಾಟುವ ಎಸಿ30 ಹೊತ್ತು ಬಸ್ಸಿನ ಟಾಪ್ ಏರಿಸುವವರು ಯಾರು? ಜೊತೆಗೆ ಕರೆಂಟು. ನಮ್ಮ ಆರ್ಕೆಸ್ಟ್ರಾಗಳಲ್ಲಿ ಅಂಥ ಆಂಪ್ ನಾವು ಒಂದೂ ನೋಡಿಲ್ಲ. ಹೆಚ್ಚಿನವರು ಗಿಟಾರನ್ನು ಸೀದಾ ಮೈಕ್ ಸೆಟ್ಟಿನ ಮಿಕ್ಸರಿಗೆ ಸಿಕ್ಕಿಸುತ್ತಿದ್ದರು. ನಡುವೆ ಒಂದು ಡಿಸ್ಟಾರ್ಷನ್ ಪೆಡಲ್ ಇಟ್ಟರೆ ಕಣಜದ ಗೂಡಿಗೆ ಕಲ್ಲು ಹೊಡೆದಂತೆ ಸದ್ದು. ಅದಕ್ಕೂ ಕಾರಣ ಇದೆ. ಗಿಟಾರ್ ಆಂಪಿನ ಸ್ಪೀಕರ್ ತೀಕ್ಷ್ಣ ಸದ್ದನ್ನು ಹೊರಗೆ ಬಿಡುವುದಿಲ್ಲ, ಜರಡಿಯಂತೆ ತಡೆಯುತ್ತದೆ. ಮೈಕ್ ಸೆಟ್ಟಿನ ಹಾರ್ನ್ ಎಲ್ಲವನ್ನೂ ಬಿಡುತ್ತದೆ.

ಈ ಜರಡಿಯನ್ನೂ ವಾಲ್ವಿನ ಗೊರಗೊರವನ್ನೂ ಸಣ್ಣ ಡಬ್ಬಿಗೆ ತುಂಬಬೇಕೆಂದು ಹಲವರು ಒದ್ದಾಡಿದರು. ‘ಬೋಸ್ಟನ್’ ತಂಡದ ಟಾಮ್ ಶೋಲ್ಜ್ ಎಂಐಟಿಯಲ್ಲಿ ಓದಿ ಪೋಲರಾಯ್ಡ್ ಕಂಪನಿಯಲ್ಲಿ ಕೆಲಸ ಮಾಡಿದ ಎಂಜಿನಿಯರ್. 1976ರ ತಮ್ಮ ಮೊದಲ ಆಲ್ಬಮ್ಮಿನ ಬಹುಪಾಲನ್ನು ಮನೆಯ ನೆಲಮಾಳಿಗೆಯಲ್ಲೇ ರೆಕಾರ್ಡ್ ಮಾಡಿದವರು. 1982ರಲ್ಲಿ ಅವರು ‘ರಾಕ್‌ಮನ್’ ತಂದರು. ಸೊಂಟಕ್ಕೆ ಸಿಕ್ಕಿಸಿಕೊಂಡು ಇಯರ್‌ಫೋನಿನಲ್ಲಿ ಕೇಳುವ ಆಂಪ್ ಅದು. 1989ರಲ್ಲಿ ನ್ಯೂಯಾರ್ಕಿನ ಆಂಡ್ರ್ಯೂ ಬಾರ್ಟಾ ‘ಸ್ಯಾನ್ಸ್‌ಆಂಪ್’ ಮಾಡಿದರು. ಇವೆರಡೂ ಡಿಜಿಟಲ್ ಅಲ್ಲ.

ಅಂಕಿಗಳ ಆಟ ಶುರುವಾದದ್ದು 1990ರ ದಶಕದಲ್ಲಿ. ಗಿಟಾರಿನ ಅಲೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಸಂಖ್ಯೆ ಮಾಡುವುದು, ವಾಲ್ವ್ ಏನು ಮಾಡುತ್ತಿತ್ತೋ ಅದನ್ನು ಲೆಕ್ಕದಲ್ಲಿ ಮಾಡಿ ಮತ್ತೆ ಅಲೆಯಾಗಿ ಹೊರಗೆ ಕೊಡುವುದು. ಜಪಾನಿನ ರೋಲಾಂಡ್ 1995ರಲ್ಲಿ ‘ವಿಜಿ-8’ ತಂದಿತು. ಕ್ಯಾಲಿಫೋರ್ನಿಯಾದಲ್ಲಿ ಮಾರ್ಕಸ್ ರೈಲ್, ಮಿಶೆಲ್ ದ್ವಾದಿಕ್ ಎಂಬಿಬ್ಬರು ಬೇರೆ ಕಂಪನಿಗಳಿಗೆ ಸಾಮಾನು ವಿನ್ಯಾಸ ಮಾಡಿಕೊಡುತ್ತಾ ಗುಟ್ಟಾಗಿ ಇದರಲ್ಲಿ ತೊಡಗಿದ್ದರು. ಅವರು ಹೇಳಿಕೊಳ್ಳುವ ಕಥೆ ಚೆನ್ನಾಗಿದೆ. ಕಚೇರಿಯಲ್ಲಿ ಇದ್ದದ್ದು ಐದೇ ಫೋನ್ ಲೈನ್. ಹೊರಗಿನವರು ಬಂದಾಗ ‘ಆರನೇ ಲೈನಿಗೆ ಕರೆ ಬಂದಿದೆ’ ಎಂದು ಕೂಗಿದರೆ, ಒಳಗೆ ಗಿಟಾರ್ ನಿಲ್ಲಿಸಿ ಎಂದರ್ಥ. ಮುಂದೆ ಕಂಪನಿಗೆ ಅದೇ ಹೆಸರಾಯಿತು: ಲೈನ್ 6. ಅವರ 1998ರ ‘ಪಾಡ್’ ಅವರೆಕಾಳಿನ ಆಕಾರದ ಕೆಂಪು ಡಬ್ಬಿ. ಅದರೊಳಗೆ ಹದಿನಾರು ಆಂಪ್‌ಗಳ ನಕಲು. ಅಮೇಲಿನ ಆವೃತ್ತಿಯಲ್ಲಿ ಮೂವತ್ತೆರಡು.

ಪಾಡ್‌ನ ಮುಖದ ಮೇಲೆ ನಿಜವಾದ ಆಂಪಿನಂತೆ ಒಂದೊಂದು ಕೆಲಸಕ್ಕೆ ಒಂದೊಂದು ಗುಬ್ಬಿ ಇತ್ತು. ತಿರುಗಿಸಿದರೆ ಸದ್ದು ಬದಲಾಗುತ್ತದೆ, ಅಷ್ಟೆ. ಕಂಪ್ಯೂಟರ್ ಇಲ್ಲದೆಯೂ ಅದನ್ನು ಇವತ್ತಿಗೂ ಬಳಸಬಹುದಾದದ್ದು ಇದೇ ಕಾರಣಕ್ಕೆ. ನಂತರ ಬಂದ ಎಷ್ಟೋ ಡಬ್ಬಿಗಳಲ್ಲಿ ಗುಬ್ಬಿ ಕಡಿಮೆಯಾಗಿ ಪರದೆಯೊಳಗಿನ ಪಟ್ಟಿಗಳು ಹೆಚ್ಚಾದವು. ಪೂರ್ತಿ ಹೊಂದಿಸಲು ಕಂಪ್ಯೂಟರ್ ಸಾಫ್ಟ್‌ವೇರ್ ಬೇಕು, ಆ ಸಾಫ್ಟ್‌ವೇರ್ ಹಳೇ ವಿಂಡೋಸಿಗೆ ಮಾತ್ರ ಹೊಂದುತ್ತದೆ. ಡಬ್ಬಿ ಗಟ್ಟಿಮುಟ್ಟಾಗಿದ್ದರೂ ಅದರ ಜೊತೆಗಾರ ಸತ್ತಿರುತ್ತಾನೆ.

ನಮ್ಮ ಗಿಟಾರ್ ಅಣ್ಣನ ಡಬ್ಬಿ ಯಾವ ಕಂಪನಿಯದು ಎಂದು ಬರೆಯುವುದಿಲ್ಲ. ತಪ್ಪು ಅವರದೂ ಅಲ್ಲ. ಅಣ್ಣ ಅದನ್ನು ಬೆಂಗಳೂರಿನಲ್ಲಿ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತಂದವರು. ಮೊದಲ ವರ್ಷ ದಿನಕ್ಕೊಂದು ಸದ್ದು ಮಾಡಿ ಸೇವ್ ಮಾಡುತ್ತಿದ್ದರಂತೆ. ಹುಡುಗರು ಹೊಸ ಮೊಬೈಲ್ ಕೊಂಡಾಗ ರಿಂಗ್‌ಟೋನ್ ಬದಲಿಸಿದ ಹಾಗೆ.

ಮನೆಯಲ್ಲಿ ಸೊಗಸಾಗಿ ಕೇಳಿದ್ದು ಜಾತ್ರೆಯಲ್ಲಿ ಕಿವಿಗೆ ಚುಚ್ಚುತ್ತಿತ್ತು. ಮಿಕ್ಸರ್ ಹುಡುಗನ ಜೊತೆ ಎಷ್ಟು ಜಗಳವಾಡಿದರೋ. ಇದು ಕಿವಿಯ ಗುಣ. 1933ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸಿನ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದರು. ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ಬಾಸ್ ಮತ್ತು ತೀರಾ ತೀಕ್ಷ್ಣ ಸದ್ದು ಕಡಿಮೆ ಕೇಳಿಸುತ್ತದೆ. ಮನೆಯಲ್ಲಿ ಅವೆರಡನ್ನೂ ಏರಿಸಿ ಇಟ್ಟುಕೊಂಡು ಹೋಗುತ್ತೇವೆ, ದೊಡ್ಡ ಸ್ಪೀಕರಿನಲ್ಲಿ ಅವೇ ಮೈಮೇಲೆ ಬರುತ್ತವೆ. ಅಣ್ಣನಿಗೆ ಫ್ಲೆಚರ್ ಗೊತ್ತಿಲ್ಲ, ಆದರೆ ಮೂರನೇ ವರ್ಷಕ್ಕೆ ಅವರು ಸದ್ದು ಹೊಂದಿಸುವುದನ್ನು ವೇದಿಕೆಯ ಮೇಲೇ, ಊಟಕ್ಕೆ ಮುಂಚೆ ಮಾಡತೊಡಗಿದ್ದರು. ಕೊನೆಗೆ ಉಳಿದದ್ದು ನಾಲ್ಕೇ ಸದ್ದು: ಒಂದು ಸ್ವಚ್ಛ, ಒಂದು ಸ್ವಲ್ಪ ಒಡೆದದ್ದು, ಒಂದು ಕೂಗುವುದು, ಭಕ್ತಿಗೀತೆಗೊಂದು.

ಅಡಾಪ್ಟರಿನ ಕಥೆಯೂ ಇದೆ. ಆ ಕಾಲದ ಹಲವು ಡಬ್ಬಿಗಳಂತೆ ಇದಕ್ಕೂ ಬೇಕಾದದ್ದು 9 ವೋಲ್ಟ್ ಎಸಿ. ಪೇಟೆಯಲ್ಲಿ ಸಿಗುವ ಅಡಾಪ್ಟರುಗಳು ಹೆಚ್ಚಾಗಿ ಡಿಸಿ. ಪಿನ್ ಕೂತುಕೊಳ್ಳುತ್ತದೆ, ಡಬ್ಬಿ ಏಳುವುದಿಲ್ಲ. ಹಳೇ ಅಡಾಪ್ಟರ್ ಸುಟ್ಟಾಗ ಅಣ್ಣ ಒಂದು ತಿಂಗಳು ಡಬ್ಬಿಯೇ ಕೆಟ್ಟಿತೆಂದು ತಿಳಿದಿದ್ದರು. ಬಸ್ ಸ್ಟ್ಯಾಂಡ್ ಹಿಂದಿನ ರೇಡಿಯೋ ಕಾಕಾ ಕೆಳಗಿನ ಚೀಟಿ ಓದಿ ನಕ್ಕು, ತಮ್ಮ ಗುಜರಿಯಿಂದ ಒಂದು ಟ್ರಾನ್ಸ್‌ಫಾರ್ಮರ್ ತೆಗೆದು ಜೋಡಿಸಿಕೊಟ್ಟರು. ನಿಮ್ಮಲ್ಲಿ ಯಾರ ಬಳಿಯಾದರೂ ಇಂಥ ಹಳೇ ಸಾಮಾನಿದ್ದರೆ ಆ ಚೀಟಿಯ ಫೋಟೊ ಈಗಲೇ ತೆಗೆದಿಟ್ಟುಕೊಳ್ಳಿ, ಅಕ್ಷರ ಅಳಿಸಿಹೋಗುತ್ತದೆ.

ಜಾತ್ರೆಯ ಮರುದಿನ ಅಣ್ಣನ ಜೊತೆ ನಾವೂ ಕಾಕಾನ ಅಂಗಡಿಗೆ ಹೋದೆವು. ಕಾಕಾನಿಗೆ ಎಪ್ಪತ್ತು ದಾಟಿದೆ. ವಾಲ್ವ್ ರೇಡಿಯೋದಿಂದ ಟಿ.ವಿ.ಯವರೆಗೆ ಎಲ್ಲವನ್ನೂ ಬಿಚ್ಚಿದ ಕೈ.

‘ತಮ್ಮಾ, ಆಗ ವಾಲ್ವ್ ಹೋದ್ರ ಕಣ್ಣಿಗೆ ಕಾಣ್ತಿತ್ತು. ಕಿತ್ತು ಇನ್ನೊಂದು ಹಾಕ್ತಿದ್ವಿ. ಇದರಾಗ ಏನ್ ಹೋಗೇತಿ ಅಂತ ಹೆಂಗ್ ಹೇಳೂದು?’ ಎನ್ನುತ್ತಲೇ ಸ್ಕ್ರೂ ಬಿಚ್ಚಿದರು. ಭೂತಗನ್ನಡಿ ಹಿಡಿದು ಹೊತ್ತು ನೋಡಿದರು. ಮೂಲೆಯಲ್ಲಿ ಒಂದು ನಾಣ್ಯದಂಥ ಬ್ಯಾಟರಿ ಬೋರ್ಡಿಗೆ ಬೆಸುಗೆಯಾಗಿ ಕೂತಿತ್ತು. ಮೀಟರ್ ಹಿಡಿದರೆ ಮೂರು ವೋಲ್ಟ್ ಇರಬೇಕಾದಲ್ಲಿ ಒಂದೂ ಇಲ್ಲ. ಕರೆಂಟಿಲ್ಲದಾಗ ಡಬ್ಬಿಯ ನೆನಪನ್ನು ಕಾಯುತ್ತಿದ್ದದ್ದು ಆ ಬ್ಯಾಟರಿ. ಅದು ಸತ್ತಿತು, ನೆನಪೂ ಹೋಯಿತು.

ಕಾಕಾ ಅದನ್ನು ಕಿತ್ತು, ಅಲ್ಲಿ ಗೋಡೆ ಗಡಿಯಾರಕ್ಕೆ ಇರುವಂತೆ ಬ್ಯಾಟರಿ ಹಾಕಿ ತೆಗೆಯುವ ಸಣ್ಣ ಗೂಡು ಬೆಸೆದರು. ‘ಇನ್ನ ಐದು ವರ್ಷಕ್ಕೊಮ್ಮಿ ನೀನ ಬದಲಿ ಮಾಡ್ಕೋ’ ಎಂದರು. ತೆಗೆದುಕೊಂಡದ್ದು ಚಹಾದ ದುಡ್ಡು.

ಡಬ್ಬಿ ಎದ್ದಿತು. ಆದರೆ ಒಳಗೆ ಕಂಪನಿಯವರ ಸದ್ದುಗಳಷ್ಟೇ. ಆಗ ಅಣ್ಣ ಚೀಲದಿಂದ ಒಂದು ಮಾಸಿದ ಡೈರಿ ತೆಗೆದರು. ನಾಲ್ಕು ಸದ್ದುಗಳ ಪ್ರತಿ ಅಂಕಿಯೂ ಅದರಲ್ಲಿತ್ತು. ಡ್ರೈವ್ ಎಷ್ಟು, ಬಾಸ್ ಎಷ್ಟು, ಯಾವ ಸ್ಪೀಕರ್ ಎಂದೆಲ್ಲ ಹಳದಿ ಹಾಳೆಯಲ್ಲಿ ಬರೆದಿಟ್ಟಿದ್ದರು. ಜಾತ್ರೆಯ ರಾತ್ರಿ ಅದು ಮನೆಯ ಮಾಡಿನಲ್ಲಿತ್ತು. ಅರ್ಧ ಗಂಟೆಯಲ್ಲಿ ನಾಲ್ಕೂ ವಾಪಸ್ ಬಂದವು. ಅಂಗಡಿಯ ಹಳೇ ಸ್ಪೀಕರಿನಲ್ಲಿ ಮೂರನೆಯದನ್ನು ನುಡಿಸಿದಾಗ ಪಕ್ಕದ ಹೋಟೆಲಿನವರು ಇಣುಕಿ ನೋಡಿದರು.

ವಾಲ್ವೇ ವಾಸಿಯಾಗಿತ್ತಲ್ಲವೇ ಎಂದು ನಾವು ಕಾಕಾನನ್ನು ಕೇಳಿದೆವು. ಅವರು ತಲೆ ಆಡಿಸಿದರು, ಹೌದೆಂದೋ ಅಲ್ಲವೆಂದೋ ತಿಳಿಯಲಿಲ್ಲ. ವಾಲ್ವಿನ ದಾರಿಯೂ ಈಗ ಸಲೀಸಲ್ಲ. ಗಿಟಾರ್ ಆಂಪಿನ ವಾಲ್ವ್ ಮಾಡುವ ಕಾರ್ಖಾನೆಗಳು ಈಗ ರಷ್ಯಾ, ಸ್ಲೊವಾಕಿಯಾ, ಚೀನಾದಂಥ ಕೆಲವೇ ದೇಶಗಳಲ್ಲಿವೆ. 2022ರ ಮಾರ್ಚಿನಲ್ಲಿ ಯುದ್ಧದ ಕಾರಣ ರಷ್ಯಾ ರಫ್ತಿಗೆ ತಡೆ ಹಾಕಿದಾಗ ಗಿಟಾರ್ ನುಡಿಸುವವರು ಗಾಬರಿಯಾಗಿದ್ದರು.

ಇತ್ತ ಡಬ್ಬಿಗಳು ಓಡುತ್ತಲೇ ಇವೆ. 2006ರಲ್ಲಿ ಅಮೆರಿಕದ ‘ಆಕ್ಸ್-ಎಫ್‌ಎಕ್ಸ್’ ಬಂತು. 2011ರಲ್ಲಿ ಜರ್ಮನಿಯ ಕ್ರಿಸ್ಟೋಫ್ ಕೆಂಪರ್ ತಂದ ಪೆಟ್ಟಿಗೆ ನಿಮ್ಮೆದುರಿನ ಆಂಪಿಗೆ ತಾನೇ ಸದ್ದು ಕೊಟ್ಟು, ಕೇಳಿಸಿಕೊಂಡು, ಅಚ್ಚು ತೆಗೆದುಕೊಳ್ಳುತ್ತದೆ. ಲೈನ್ 6 ಕಂಪನಿಯನ್ನು ಜಪಾನಿನ ಯಮಾಹಾ ಕೊಂಡಿತು, 2015ರಲ್ಲಿ ಅವರ ‘ಹೀಲಿಕ್ಸ್’ ಬಂತು. ಈಗ ಪುಕ್ಕಟೆ ಸಾಫ್ಟ್‌ವೇರಿನಲ್ಲೂ ಇದೆಲ್ಲ ಆಗುತ್ತದೆ. ಸದ್ದಿನ ವಿಷಯದಲ್ಲಿ ಹೊಸವು ಮುಂದಿವೆ, ಅದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಆ್ಯಪ್ ಕೇಳುವ, ಅಪ್‌ಡೇಟ್ ಕೇಳುವ ಡಬ್ಬಿ ಇಪ್ಪತ್ತು ವರ್ಷದ ಮೇಲೆ ಯಾವ ಕಾಕಾನ ಮೇಜಿನ ಮೇಲೆ ಏಳುತ್ತದೆ ಎಂಬುದು ನಮ್ಮ ತಲೆ ತಿನ್ನುತ್ತಿದೆ.

ಈ ವರ್ಷದ ಜಾತ್ರೆಗೆ ಅದೇ ತಂಡ ಬಂದಿತ್ತು. ಕಮಿಟಿಯವರು ಒಬ್ಬರನ್ನು ಕಡಿಮೆ ಮಾಡಲಿಲ್ಲ, ಆದರೆ ಗಿಟಾರಿನ ಸಂಭಾವನೆಯಲ್ಲಿ ಐನೂರು ಇಳಿಸಿದರು. ಅಣ್ಣ ಅದೇ ಹಳೇ ಡಬ್ಬಿ ತಂದಿದ್ದರು. ಡೈರಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಗಿಟಾರ್ ಚೀಲದ ಜೇಬಿನಲ್ಲಿ ಇಟ್ಟಿದ್ದರು. ಅದರ ಜೊತೆಗೆ ಒಂದು ಬಿಡಿ ಬ್ಯಾಟರಿಯೂ ಇತ್ತು.