ಮರಿಯ ಕಾಲು ನೋಡಿ ಕುಲ ಹೇಳ್ತೀರಾ?

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂಥ ಊರಿಗೆ ಬುಟ್ಟಿ ತುಂಬ ಕೋಳಿಮರಿ ಬಂತು ಅಂದ್ರೆ ಕೇಳೋ ಪ್ರಶ್ನೆ ಒಂದೇ: ‘ಇದು ಯಾವ ತಳಿ?’ ಮಾರೋನ ಉತ್ತರವೂ ಒಂದೇ: ‘ಪಕ್ಕಾ ನಾಟಿ!’ ಮನೆಯ ಹೆಂಗಸರು ಮರಿ ಎತ್ತಿ ಕಾಲು ನೋಡ್ತಾರೆ. ಕಾಲು ಕಪ್ಪಗಿದ್ದರೆ ನಾಟಿ, ಹಳದಿಯಾಗಿದ್ದರೆ ಫಾರಂ. ವ್ಯಾಪಾರ ಮುಗೀತು. ಐದಾರು ತಿಂಗಳು ಕಳೆದ ಮೇಲೆ ನೋಡಿದರೆ ಅರ್ಧ ಬುಟ್ಟಿ ಹುಂಜಗಳೇ. ಉಳಿದ ಹ್ಯಾಟೆಗಳು ಮೊಟ್ಟೆ ಇಟ್ಟರೂ ಕಾವಿಗೆ ಕೂರೋದಿಲ್ಲ. ನಷ್ಟ ಯಾರಿಗೆ? ಮೊಟ್ಟೆ ಮಾರಿದ ಕಾಸಲ್ಲಿ ಮಗುವಿಗೆ ಪುಸ್ತಕ ತರೋ ತಾಯಿಗೆ.

ಹಾಗಾದ್ರೆ ಈ ಕಾಲಿನ ಲೆಕ್ಕ ಎಲ್ಲಿಂದ ಬಂತು? ಇದಕ್ಕೊಂದು ಇತಿಹಾಸ ಇದೆ. ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯ್ತು. ಆ ಕಾಲದಲ್ಲಿ ಊರಕೋಳಿಯನ್ನು ‘ಸುಧಾರಿಸಬೇಕು’ ಅಂತ ಸರ್ಕಾರಿ ಫಾರಂಗಳಿಂದ ಹಳ್ಳಿಗಳಿಗೆ ಸೀಮೆಹುಂಜಗಳು ಬಂದವು. ಕೆಂಪು ರೋಡ್ ಐಲೆಂಡ್, ಬಿಳಿ ಲೆಗ್‌ಹಾರ್ನ್. ಎರಡರದ್ದೂ ಹಳದಿ ಕಾಲು. ನಮ್ಮ ಅಜ್ಜಿಯರು ಅದನ್ನು ಕಣ್ಣಾರೆ ನೋಡಿದರು, ಲೆಕ್ಕ ಹಾಕಿದರು: ಹಳದಿ ಕಾಲು ಅಂದ್ರೆ ಹೊರಗಿನದು. ಅವತ್ತಿನ ಮಟ್ಟಿಗೆ ಆ ಲೆಕ್ಕದಲ್ಲಿ ಅರ್ಥ ಇತ್ತು.

ಆದರೆ ಆ ಹಳದಿ ಬಣ್ಣ ಸೀಮೆಹುಂಜಕ್ಕೆ ಎಲ್ಲಿಂದ ಬಂತು? 2008ರಲ್ಲಿ ಸ್ವೀಡನ್ನಿನ ಉಪ್ಸಾಲ ವಿಶ್ವವಿದ್ಯಾಲಯದ ವಿಜ್ಞಾನಿಗಳು ಈ ಪ್ರಶ್ನೆಗೆ ಉತ್ತರ ಕೊಟ್ಟರು. ಸಾಕುಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿ, ಸರಿ. ಆದರೆ ಹಳದಿ ಚರ್ಮದ ವಂಶವಾಹಿ ಬಂದಿರೋದು ಬೂದು ಕಾಡುಕೋಳಿಯಿಂದ. ಈ ಬೂದು ಕಾಡುಕೋಳಿ ಇರೋದು ಸ್ವೀಡನ್ನಲ್ಲಲ್ಲ ಸ್ವಾಮಿ, ಅಮೆರಿಕದಲ್ಲೂ ಅಲ್ಲ. ನಮ್ಮ ದಕ್ಷಿಣ ಭಾರತದ ಹಕ್ಕಿ ಅದು. ಇವತ್ತಿಗೂ ಬೆಳಗಿನ ಜಾವ ಕನಕಪುರದ ಕಾಡಲ್ಲಿ ಕೂಗುತ್ತೆ. ಅಂದ್ರೆ ಯಾವ ಕಾಲನ್ನು ನಾವು ‘ಪರದೇಶಿ’ ಅಂತ ತಳ್ಳಿದೆವೋ, ಅದರ ಬಣ್ಣ ನಮ್ಮ ಕಾಡಿನದೇ!

ಇನ್ನೂ ಒಂದು ಹೇಳ್ತೀನಿ. ಬ್ರಾಯ್ಲರ್‌ನ ತಂದೆಯ ಕಡೆಯ ತಳಿ ಕಾರ್ನಿಷ್. ಇಂಗ್ಲೆಂಡಿನಲ್ಲಿ ಅದರ ಹಳೆಯ ಹೆಸರು ‘ಇಂಡಿಯನ್ ಗೇಮ್’. ಯಾಕೆ? ನಮ್ಮ ಕಾಳಗದ ಕೋಳಿ ಅಸೀಲ್‌ನ ರಕ್ತ ಅದರಲ್ಲಿದೆ. ನಾಟಿ-ಫಾರಂ ಅಂತ ನಾವು ಎಳೆದ ಗೆರೆ, ಕೋಳಿಯ ಮೈಯೊಳಗೆ ಇಲ್ಲವೇ ಇಲ್ಲ.

ಈಗ ಹೆಬ್ಬಾಳಕ್ಕೆ ಬನ್ನಿ. 1989ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಗಿರಿರಾಜ ಕೋಳಿಯನ್ನು ಬಿಡುಗಡೆ ಮಾಡ್ತು. 2005ರಲ್ಲಿ ಸ್ವರ್ಣಧಾರಾ ಬಂತು. ಬಣ್ಣಬಣ್ಣದ ಪುಕ್ಕ, ಹಿತ್ತಲಲ್ಲಿ ಕೆದಕಿ ತಿನ್ನೋ ಬುದ್ಧಿ. ನೋಡೋಕೆ ನಾಟಿಯಂತೆ ಇರಲಿ ಅನ್ನೋದೇ ಲೆಕ್ಕ. ಊರಕೋಳಿ ವರ್ಷಕ್ಕೆ ಐವತ್ತು-ಅರವತ್ತು ಮೊಟ್ಟೆ ಇಟ್ಟರೆ ಗಿರಿರಾಜ 130ರಿಂದ 150, ಸ್ವರ್ಣಧಾರಾ 180ರ ಸುಮಾರು. ಆದರೆ ಗಿರಿರಾಜ ಕಾವಿಗೆ ಕೂರೋದಿಲ್ಲ. ಮರಿ ಮಾಡಿಸೋಕೆ ಊರಕೋಳಿಯೇ ಬೇಕು. ಇದರ ಹುಂಜಗಳು ಮೂವತ್ತು ವರ್ಷಕ್ಕೂ ಮೇಲೆ ನಮ್ಮ ಬೀದಿಗಳಲ್ಲಿ ಓಡಾಡಿವೆ. ಅವುಗಳ ಮಕ್ಕಳು, ಮೊಮ್ಮಕ್ಕಳು ಎಷ್ಟೋ. ಆ ಪೀಳಿಗೆಗಳಿಗೆ ಅಜ್ಜನ ಬಣ್ಣ ಉಳಿಯಬಹುದು, ಅಜ್ಜನ ಮೊಟ್ಟೆಯ ಲೆಕ್ಕ ಉಳಿಯೋದಿಲ್ಲ.

ಹಾಗಂತ ಮರಿ ನೋಡಿ ಏನೂ ಗೊತ್ತಾಗೋದಿಲ್ಲ ಅಂತಲ್ಲ. ಬೆತ್ತಲೆ ಕತ್ತಿನ ಕೋಳಿ ಮೊಟ್ಟೆಯೊಡೆದ ದಿನವೇ ಗೊತ್ತಾಗುತ್ತೆ. ಕಡಕ್‌ನಾಥ್‌ನ ಚರ್ಮದ ಕಪ್ಪು ಮರಿಯಲ್ಲೇ ಕಾಣುತ್ತೆ. ಜುಟ್ಟಿನ ಆಕಾರ ವಂಶದಿಂದ ಬರುತ್ತೆ; ಮೆಂಡಲನ ನಿಯಮ ಪ್ರಾಣಿಗಳಿಗೂ ಸಲ್ಲುತ್ತೆ ಅಂತ ವಿಲಿಯಂ ಬೇಟ್ಸನ್ 1902ರಲ್ಲಿ ತೋರಿಸಿದ್ದು ಕೋಳಿಯ ಜುಟ್ಟು ಹಿಡಿದೇ. ಆದರೆ ಅಳಿಲಿನಂಥ ಬೆನ್ನುಗೆರೆ ಹತ್ತಾರು ತಳಿಯ ಮರಿಗಳಿಗಿದೆ. ಬರಿಯ ಹಳದಿ ತುಪ್ಪಳವಂತೂ ಯಾರದ್ದು ಬೇಕಾದರೂ ಆಗಬಹುದು. ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಾರ್ತಾರಲ್ಲ, ಅವು ಬಹುಪಾಲು ಮೊಟ್ಟೆಕೋಳಿ ಹ್ಯಾಚರಿಗಳಿಗೆ ಬೇಡವಾದ ಗಂಡುಮರಿಗಳು. ಒಂದು ಗುಣ ಗುರುತಿಸೋದು ಬೇರೆ, ತಳಿ ಗುರುತಿಸೋದು ಬೇರೆ. ತಳಿ ಗೊತ್ತಾಗೋದು ಅಪ್ಪ-ಅಮ್ಮನ ದಾಖಲೆಯಿಂದ.

ಈ ಸತ್ಯ ರಾಮನಗರ, ಚನ್ನಪಟ್ಟಣದ ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ರೇಷ್ಮೆಯಲ್ಲಿ ಅವನು ಮಾಡೋದು ಏನು? ಮೊಟ್ಟೆಯ ಬಣ್ಣ ನೋಡಿ ತರ್ತಾನಾ? ಇಲ್ಲ. ತಾಯಿ ಮೈಸೂರು ತಳಿ, ತಂದೆ ಬೈವೋಲ್ಟೀನ್, ಯಾವ ಬಿತ್ತನೆ ಕೋಠಿಯದು, ಚಾಕಿ ಎಲ್ಲಿ ಆಗಿದ್ದು ಅಂತ ಕೇಳ್ತಾನೆ. ಹುಳುವಿಗೆ ವಂಶಾವಳಿ ಕೇಳೋ ಊರಲ್ಲಿ ಕೋಳಿಗೆ ಮಾತ್ರ ಬರೀ ಕಾಲು ನೋಡೋದು ಯಾಕೆ? ರೇಷ್ಮೆ ಗಂಡಸರ ಲೆಕ್ಕದ ಪುಸ್ತಕಕ್ಕೆ ಹೋಯ್ತು, ಸರ್ಕಾರದ ಕಾನೂನಿಗೂ ಬಂತು. ಹಿತ್ತಲ ಕೋಳಿ ಹೆಂಗಸರ ಸೆರಗಿನ ಗಂಟಲ್ಲೇ ಉಳೀತು. ಅದಕ್ಕೆ ಚೀಟಿ ಕೊಡೋರೂ ಇಲ್ಲ, ಕೇಳೋರೂ ಇಲ್ಲ. ನನ್ನ ತಕರಾರು ಇರೋದು ಇಲ್ಲೇ.

ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಮುದ್ದೆ ಜೊತೆ ನಾಟಿ ಕೋಳಿ ಸಾರು ಅಂತ ಬೋರ್ಡ್ ಹಾಕಿ ದುಪ್ಪಟ್ಟು ದುಡ್ಡು ಮಾಡ್ತಾರೆ. ಆ ‘ನಾಟಿ’ ಅನ್ನೋ ಹೆಸರನ್ನು ಕಟ್ಟಿದೋರು ಅಕ್ಕೂರಿನಂಥ ಊರುಗಳ ಹೆಂಗಸರು. ನಾಟಿ ಅನ್ನೋದು ತಳಿಯ ಹೆಸರಲ್ಲ, ಬೆಳೆಸಿದ ರೀತಿಯ ಹೆಸರು. ತಳಿ ಬೇಕು ಅಂದ್ರೆ ಕಾಲು ಬಿಡಿ, ಮಾರೋನನ್ನು ಮೂರು ಮಾತು ಕೇಳಿ: ಯಾವ ಹ್ಯಾಚರಿ? ಇವತ್ತಿಗೆ ಎಷ್ಟು ದಿನದ ಮರಿ? ಲಸಿಕೆ ಆಗಿದೆಯಾ? ಉತ್ತರವನ್ನು ಚೀಟಿಯಲ್ಲಿ ಬರೆದುಕೊಡು ಅನ್ನಿ. ಬರೆಯೋಕೆ ಹಿಂಜರಿದರೆ ಬುಟ್ಟಿ ಮುಂದಿನ ಊರಿಗೆ ಹೋಗಲಿ.